ಭಗವತಿಯ ಅಂಗಳ ಗುಡಿಸುವ ಖಷ್ಟಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಿಮಲ್‌ಗಾಂವಿನ ಮೇಲಿನ ಇಳಿಜಾರಿನಲ್ಲಿ ಖಷ್ಟಿ ದೇವಿ ಚಪ್ಪಲಿ ಬಿಟ್ಟು, ಅವನ್ನು ಒಂದು ಕಲ್ಲಿನ ಪಕ್ಕಕ್ಕೆ ಸರಿಸಿ, ಸೆರಗನ್ನು ಸೊಂಟಕ್ಕೆ ಬಿಗಿಯುತ್ತಾರೆ. ತಲೆಗೆ ಗಂಡನ ಹಳೆಯ ಮಫ್ಲರು. ಕೈಯಲ್ಲಿ ಮನೆಯ ಕಸ ಹೊಡೆಯುವ ಹುಲ್ಲಿನ ಪೊರಕೆ. ಕಾಡಿಗೆ ಕೈಮುಗಿದು ಒಳಗೆ ಕಾಲಿಡುತ್ತಾರೆ, ಬಗ್ಗುತ್ತಾರೆ, ಗುಡಿಸಲು ಶುರುಮಾಡುತ್ತಾರೆ.

ಗುಡಿಸುವುದೆಂದರೆ ನಿಜವಾಗಿಯೂ ಗುಡಿಸುವುದೇ. ಚೀಡ್ ಮರದ ಸೂಜಿಯಂಥ ಎಲೆ ಒಣಗಿ, ಕಂದುಬಣ್ಣಕ್ಕೆ ತಿರುಗಿ, ಪಾದ ಮುಳುಗುವಷ್ಟು ಬಿದ್ದಿದೆ. ಇಲ್ಲಿಯವರು ಇದನ್ನು ಪಿರೂಲ್ ಎನ್ನುತ್ತಾರೆ. ಹೆಜ್ಜೆ ಸ್ವಲ್ಪ ತಪ್ಪಿದರೂ ಜಾರಿ ಕೆಳಗಿನ ಹಳ್ಳ ಸೇರಬೇಕು, ಅಷ್ಟು ನುಣುಪು. ಬೆಂಕಿಗಂತೂ ಇದರಷ್ಟು ರುಚಿಯಾದದ್ದು ಬೇರೊಂದಿಲ್ಲ. ಖಷ್ಟಿ ಅದನ್ನು ಗುಡ್ಡೆ ಮಾಡುತ್ತಾರೆ, ಬರಿಗೈಯಲ್ಲಿ ಬಾಚಿ ಹಳೆಯ ಚಾದರದಲ್ಲಿ ಗಂಟು ಕಟ್ಟುತ್ತಾರೆ, ಗಂಟನ್ನು ತಲೆಯ ಮೇಲೆ ಹೊತ್ತು ಬೆಟ್ಟದ ಏಣಿನ ಆಚೆ ಬದಿಯ ಬಂಡೆಹೊಂಡಕ್ಕೆ ಸುರಿದು ಬರುತ್ತಾರೆ. ಮತ್ತೆ ಪೊರಕೆ ಎತ್ತಿಕೊಳ್ಳುತ್ತಾರೆ.

"ಅಲ್ಲೇ ಕೂತ್ಕೊಳ್ಳಿ ಮಾಸ್ಟರ್ನೀಜ್ಯೂ, ಒಳಗೆ ಬರ್ಬೇಡಿ, ನಿಮಗೆ ಅಪ್ಪಣೆ ಇಲ್ಲ" ಎಂದು ನನಗೆ ತಾಕೀತು ಮಾಡುತ್ತಾರೆ. "ಬೇಕಾದ್ರೆ ನಾನು ಗುಡಿಸೋದ್ರಲ್ಲಿ ತಪ್ಪು ಹುಡುಕ್ತಾ ಇರಿ. ಸ್ಕೂಲಲ್ಲಿ ಇಷ್ಟು ವರ್ಷ ಮಾಡಿದ್ದು ಅದೇ ತಾನೆ?"

ನಾನು ಕೆಳಗಿನ ಪೇಟೆಯ ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತಳಾಗಿ, ಕುಮಾಊಂನ ಈ ಬೆಟ್ಟಗಳಲ್ಲೇ ಉಳಿದುಕೊಂಡವಳು. ಏರು ಹತ್ತುವಾಗ ಮಾತ್ರ ಇವತ್ತಿಗೂ ಬಯಲುಸೀಮೆಯ ಹೆಂಗಸೇ. ಖಷ್ಟಿ ಪಿರೂಲಿನ ಗಂಟು ಹೊತ್ತು ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ನಾನು ಬರೀ ಉಸಿರು ಹುಡುಕಿಕೊಳ್ಳುತ್ತಿರುತ್ತೇನೆ. ಅದನ್ನು ನೋಡಿ ಅವರಿಗೆ ನಗು. ಆದರೂ ಅವರ ಬಗ್ಗೆ ಒಂದು ಕನ್ನಡ ಪತ್ರಿಕೆಗೆ ಬರೆಯಬೇಕೆಂದು ಹತ್ತಿ ಬರುತ್ತೇನೆ.

ಖರ್ಕಧುರಾದ ಅರಣ್ಯ ರೇಂಜ್ ಕಚೇರಿ ಎಂದರೆ ತಗಡಿನ ಸೂರಿನ ಎರಡು ಕೋಣೆ, ಒಂದು ವೈರ್‌ಲೆಸ್ ಸೆಟ್ಟು, ಇಳಿಜಾರಿನಲ್ಲಿ ನಿಲ್ಲಿಸಿದರಷ್ಟೇ ಸ್ಟಾರ್ಟ್ ಆಗುವ ಒಂದು ಜೀಪು. ರೇಂಜರ್ ತಿವಾರಿ, ಗಾರ್ಡ್ ಕುಂದನ್, ಇನ್ನಿಬ್ಬರು. ಅವರ ಲೆಕ್ಕಕ್ಕೆ ಬರುವ ಕಾಡು ಮಾತ್ರ ಕಣ್ಣು ಹಾಯುವ ಬೆಟ್ಟವನ್ನೆಲ್ಲ ದಾಟಿ ಆಚೆಗೂ ಹೋಗುತ್ತದೆ. ಬೇಸಿಗೆ ಬಂದರೆ ಈ ಕಚೇರಿ ಊರೂರಿನಿಂದ ಬೆಂಕಿ ಕಾಯುವವರನ್ನು ದಿನಗೂಲಿಗೆ ಕರೆಯುತ್ತದೆ. ಮಳೆ ಬಿದ್ದ ಮೇಲೆ ಅವರನ್ನು ಮರೆಯುತ್ತದೆ. ಹೀಗೆ ಕರೆದು, ಮರೆತು, ಮತ್ತೆ ಕರೆಯುವ ಹೆಸರುಗಳಲ್ಲಿ ಖಷ್ಟಿಯವರದೂ ಒಂದು. ಸಿಮಲ್‌ಗಾಂವಿಗೆ ಸೊಸೆಯಾಗಿ ಬಂದವರು, ಈಗ ಐವತ್ತರ ಆಸುಪಾಸು. ಗಂಡ ಮದನ್ ಸಿಂಗ್ ತಪ್ಪಲಿನ ಹೆದ್ದಾರಿಯ ಡಾಬಾ ಒಂದರಲ್ಲಿ ಅಡುಗೆ ಮಾಡುತ್ತಾರೆ, ಹಬ್ಬಕ್ಕೆ ಬರುತ್ತಾರೆ. ಕಚೇರಿಯ ನರ್ಸರಿಯಲ್ಲಿ ಸಸಿಚೀಲಕ್ಕೆ ಮಣ್ಣು ತುಂಬುತ್ತಿದ್ದ ಖಷ್ಟಿ ಬೆಂಕಿ ಕಾಯುವ ಕೆಲಸಕ್ಕೆ ಸೇರಿದಾಗ ಗಂಡಸರು ನಕ್ಕಿದ್ದರಂತೆ. ಈಗ ಅವರ ಎಡಗೈಯ ಮೊಣಕೈವರೆಗೆ ಸುಟ್ಟ ಕಲೆ ಇದೆ, ನಗುವವರು ಇಲ್ಲ.

"ಮೊದಲನೇ ವರ್ಷ ಎಲ್ಲರೂ ಕೇಳೋರು, ಕಾಡಿಗೆ ಬೆಂಕಿ ಬಿದ್ರೆ ನಿಂಗೇನೇ ನಷ್ಟ ಅಂತ" ಎನ್ನುತ್ತಾರೆ ಖಷ್ಟಿ. "ನಾನಂದೆ, ಬೆಳಿಗ್ಗೆ ನೌಲಾಕ್ಕೆ ಕೊಡ ತಗೊಂಡು ಹೋಗೋದು ನೀನಾ ನಾನಾ? ಬಾಂಜ್ ಮರ ಇದ್ರೆ ನೌಲಾದಲ್ಲಿ ನೀರು. ಬಾಂಜ್ ಸುಟ್ಟೋದ್ರೆ ಕೊಡ ತಲೆಕೆಳಗೆ ಹಾಕಿ ಅದರ ಮೇಲೆ ಕೂತ್ಕೊಬೇಕು, ಅಷ್ಟೆ."

ಊರಿನ ಮೇಲಿನ ಬೆಟ್ಟ ಇರುವುದೇ ಹಾಗೆ. ಕೆಳಗಿನ ಇಳಿಜಾರೆಲ್ಲ ಚೀಡ್, ಎತ್ತರದಲ್ಲಿ ನೀರು ಹಿಡಿದಿಡುವ ಬಾಂಜ್, ಅಂದರೆ ಓಕ್. ಬೆಂಕಿ ಯಾವಾಗಲೂ ಚೀಡ್ ಹಿಡಿದು ಮೇಲೇರುತ್ತದೆ. ಎರಡರ ನಡುವೆ, ಸೊಂಟಕ್ಕೆ ಕಟ್ಟಿದ ಪಟ್ಟಿಯ ಹಾಗೆ, ಒಂದು ಬೆಂಕಿರೇಖೆ ಇದೆ. ಪ್ರತಿ ಚಳಿಗಾಲದಲ್ಲೂ ಊರ ಹೆಂಗಸರು ಅಲ್ಲಿನ ಪಿರೂಲನ್ನು ಹಲುಬೆಯಿಂದ ಎಳೆದು ದನದ ಕೊಟ್ಟಿಗೆಗೆ ಹೊತ್ತೊಯ್ಯುತ್ತಿದ್ದರು. ಕುಡುಗೋಲು ಹಿಡಿದು ಪೊದೆ ಸವರುತ್ತಿದ್ದರು. ನೆಲ ಬೋಳಾಗುತ್ತಿತ್ತು, ಕೆಳಗಿನಿಂದ ಬಂದ ಬೆಂಕಿ ತಿನ್ನಲು ಏನೂ ಸಿಗದೆ ಅಲ್ಲೇ ಸಾಯುತ್ತಿತ್ತು. ಹೋದ ಎರಡು ಚಳಿಗಾಲಗಳಿಂದ ಅಲ್ಲಿ ಹಲುಬೆ ಹಿಡಿದು ಯಾರೂ ಕಾಲಿಟ್ಟಿಲ್ಲ. ಆ ಜಾಗ ಈಗ ಭಗವತಿಯದು.

ಕಾಡನ್ನು ದೇವಿಗೆ ಒಪ್ಪಿಸುವುದು ಇಲ್ಲಿ ಹಳೆಯ ಪದ್ಧತಿ. ಸೊಪ್ಪು, ಸೌದೆ ಕಡಿಯುವುದು ಮಿತಿಮೀರಿ, ಪಂಚಾಯತಿಯ ಮಾತನ್ನೂ ಗಾರ್ಡಿನ ಮಾತನ್ನೂ ಯಾರೂ ಕೇಳದ ಹಾಗಾದಾಗ ಊರೇ ಸೇರಿ ಕಾಡನ್ನು ಐದು ವರ್ಷಕ್ಕೆ ದೇವಿಯ ಮಡಿಲಿಗೆ ಹಾಕಿಬಿಡುತ್ತದೆ. ಆಮೇಲೆ ಒಳಗೆ ಕುಡುಗೋಲಿಲ್ಲ, ಕೊಡಲಿಯಿಲ್ಲ, ಹಲುಬೆಯಿಲ್ಲ. ಒಂದು ಕಡ್ಡಿ ಮುರಿದರೂ ಅದು ದೇವಿಯ ಮನೆಯ ಕಳ್ಳತನ. ಎರಡು ವರ್ಷದ ಹಿಂದೆ ಸಿಮಲ್‌ಗಾಂವ್ ಇದನ್ನೇ ಮಾಡಿತು, ಬಾಂಜ್ ಕಾಡು ಚಿಗುರಲು ಶುರುವಾಯಿತು, ಊರಿನ ಒರತೆಬಾವಿಯಾದ ನೌಲಾದಲ್ಲಿ ನೀರು ಒಂದು ಗೇಣು ಏರಿತು. ಎಲ್ಲರಿಗಿಂತ ಮೊದಲು ಈ ಮಾತೆತ್ತಿದವರೂ ಖಷ್ಟಿಯೇ. ಅದಕ್ಕೇ ಗಡಿಯ ಮರಗಳಿಗೆ ಕೆಂಪು ಬಟ್ಟೆ ಕಟ್ಟುವ ಗೌರವ ಅವರಿಗೆ ಸಿಕ್ಕಿತು. ಎಡವಟ್ಟಾದದ್ದು ಅಲ್ಲೇ.

"ಬಾಂಜ್ ಮುಗಿಯೋ ಕಡೆ ಕಟ್ಟಿ ನಿಲ್ಲಿಸ್ಬೇಕಿತ್ತು" ಎಂದು ಹಣೆ ಚಚ್ಚಿಕೊಳ್ಳುತ್ತಾರೆ. "ಏನ್ಮಾಡ್ಲಿ, ಕೈ ಕೇಳ್ಲಿಲ್ಲ. ಇನ್ನೊಂದು ನಾಲ್ಕು ಮರ ತಾಯಿಗೆ ಸೇರ್ಲಿ, ಇನ್ನೊಂದು ನಾಲ್ಕು ಸೇರ್ಲಿ ಅಂತ ಕೆಳಗೆ ಕೆಳಗೆ ಕಟ್ಕೊಂಡು ಹೋದೆ. ಡೋಲು ಬೇರೆ ಹೊಡೀತಿದ್ರು, ಖುಷಿಲಿದ್ದೆ. ಬೆಂಕಿರೇಖೆ ನೆನಪಾಗಿದ್ದು ಮನೆಗೆ ಬಂದು ಮುಸುರೆ ತಿಕ್ಕುವಾಗ. ಓ ಇಜಾ! ಕೈಲಿದ್ದ ಪಾತ್ರೆ ಬಿದ್ಹೋಯ್ತು."

ಕೊಟ್ಟದ್ದನ್ನು ದೇವಿಯಿಂದ ವಾಪಸು ಕೇಳುವಂತಿಲ್ಲ. ಕಟ್ಟಿದ ಬಟ್ಟೆ ಬಿಚ್ಚುವಂತಿಲ್ಲ. ಹೋದ ವರ್ಷ ಹಿಮ ಚೆನ್ನಾಗಿ ಬಿದ್ದು ನೆಲ ಒದ್ದೆಯಾಗಿತ್ತು, ಹೇಗೋ ಪಾರಾದರು. ಈ ಸಲ ಒಂದು ಹಿಡಿ ಹಿಮವೂ ಬೀಳಲಿಲ್ಲ. ಎರಡು ವರ್ಷದ ಪಿರೂಲ್ ಬೆಂಕಿರೇಖೆಯ ಮೇಲೆ ಹಾಸಿಗೆ ಹಾಸಿದ ಹಾಗೆ ಬಿದ್ದಿದೆ. ಕೆಳಗೆ ಒಂದು ಬೀಡಿ ಬಿದ್ದರೆ ಸಾಕು, ಉರಿ ಈ ಹಾಸಿಗೆಯ ಮೇಲೆ ನಡೆದುಕೊಂಡು ಹೋಗಿ ಬಾಂಜ್ ಕಾಡಿಗೆ ಹತ್ತುತ್ತದೆ. ಊರಿನ ನೀರು ಅಲ್ಲಿಗೆ ಮುಗಿಯಿತು.

ರೇಂಜರ್ ತಿವಾರಿಯವರನ್ನು ಕೇಳಿದೆ, ನೀವೇ ಆಳು ತಂದು ಚೊಕ್ಕ ಮಾಡಿಸಬಾರದೇ ಎಂದು. ಅವರು ಬೆಲ್ಲ ಕಚ್ಚಿಕೊಂಡು ಚಹಾ ಹೀರುತ್ತಿದ್ದವರು ಲೋಟ ಕೆಳಗಿಟ್ಟರು. "ಮಾಡ್ಬಹುದು ಮೇಡಂ. ಬೇರೆ ಊರಿನ ಜನ ಕರ್ಕೊಂಡು ಬಂದ್ರೆ ಎರಡು ದಿನದ ಕೆಲಸ. ಆದ್ರೆ ಆಮೇಲೆ ಬೆಂಕಿ ಬಿದ್ದಾಗ ಸಿಮಲ್‌ಗಾಂವಿಂದ ಒಂದು ನರಪಿಳ್ಳೆನೂ ಬರಲ್ಲ. ನಾವಿರೋದು ನಾಲ್ಕು ಜನ. ಇಷ್ಟು ವರ್ಷ ಇಲ್ಲಿ ಬೆಂಕಿ ಆರಿಸಿದ್ದು ನಾವಲ್ಲ, ಊರ ಹೆಂಗಸ್ರು. ಅವರ ದೇವರ ಮೇಲೆ ಕೈ ಹಾಕಿ ನಾನು ಯಾವ ಕಾಡು ಉಳಿಸ್ಲಿ?"

ಕೊನೆಗೆ ದೇವಿಯನ್ನೇ ಕೇಳೋಣ ಎಂದು ಊರು ಸೇರಿತು. ಪೂಜಾರಿ ಖೀಮಾನಂದ ಜೋಶಿ ಅಂಗೈಯಲ್ಲಿ ಅಕ್ಕಿ ಹಿಡಿದು ಪ್ರಶ್ನೆ ಕೇಳುತ್ತಾರೆ, ಕಾಳು ಎಣಿಸುತ್ತಾರೆ. ಜೋಡಿ ಬಂದರೆ ಹೂಂ, ಒಂಟಿ ಉಳಿದರೆ ಊಹೂಂ. ಕುಡುಗೋಲು, ಹಲುಬೆ ತೆಗೆದುಕೊಂಡು ಒಳಗೆ ಬರಬಹುದೇ ತಾಯಿ ಎಂದು ಸರಪಂಚ ಹಯಾತ್ ಸಿಂಗ್ ಕೇಳಿಸಿದರು. ಒಂಟಿ ಕಾಳು. ಜನ ಏಳತೊಡಗಿದರು. ಆಗ ಹಿಂದಿನಿಂದ ಖಷ್ಟಿ ಎದ್ದು ನಿಂತರು.

"ನಾನಂದೆ, ಪಂಡಿತ್‌ಜ್ಯೂ, ಇನ್ನೊಂದು ಕೇಳಿ. ಅದು ತಾಯಿ ಮನೆ ಅಂದ್ರೆ ಬೆಂಕಿರೇಖೆ ತಾಯಿ ಅಂಗಳ. ಅಂಗಳ ಗುಡಿಸ್ಬಹುದಾ? ಕಬ್ಬಿಣ ಮುಟ್ಟಲ್ಲ, ಚಪ್ಪಲಿ ಹಾಕಲ್ಲ, ಬಾಯಿಗೆ ನೀರೂ ಹಾಕ್ಕೊಳ್ದೆ ಬರ್ತೀನಿ. ಒಂದು ಎಳೆ ಪಿರೂಲ್ ಮನೆಗೆ ಒಯ್ಯಲ್ಲ. ಗುಡಿಸಿ ಹೋಗ್ತೀನಿ."

ಕಾಳು ಜೋಡಿ ಬಂತು. ಖಷ್ಟಿ ಕುಣಿದಾಡುವುದೊಂದು ಬಾಕಿ. ಆದರೆ ಊರಿನ ಹಿರಿಯರು ಕೂತು ಇದನ್ನು ತೂಗಿ ನೋಡಿ ಬೇರೆಯೇ ತೀರ್ಮಾನಕ್ಕೆ ಬಂದರು. ಕೇಳಿದವಳು ಖಷ್ಟಿ, ಉತ್ತರವೂ ಖಷ್ಟಿಗೆ. ಉಳಿದವರಿಗೆ ಅಪ್ಪಣೆ ಸಿಕ್ಕಿದೆ ಎಂದು ಯಾರು ಹೇಳಬೇಕು? ಒಂದೇ ವಿಷಯಕ್ಕೆ ಮತ್ತೆ ಮತ್ತೆ ದೇವಿಯನ್ನು ಎಬ್ಬಿಸುವುದೂ ಸಲ್ಲದು. ಅವಳು ಗುಡಿಸಲಿ, ಅವಳಿಗೇನೂ ಆಗದಿದ್ದರೆ ಆಮೇಲೆ ನೋಡೋಣ ಎಂದರು. ಹಾಗಾಗಿ ಊರೆಲ್ಲ ಸೇರಿ ಮಾಡುತ್ತಿದ್ದ ಕೆಲಸ ಒಬ್ಬ ಹೆಂಗಸಿನ ಒಂದು ಪೊರಕೆಯ ಮೇಲೆ ಬಿದ್ದಿದೆ. ನನಗೆ ಇದನ್ನು ಕೇಳಿ ಸಿಟ್ಟು ಬಂತು. ಖಷ್ಟಿಗೆ ಬರಲಿಲ್ಲ.

"ಅವರು ಹೆದರೋದು ತಪ್ಪಾ? ನಾನೂ ಹೆದರ್ತೀನಿ" ಎನ್ನುತ್ತಾರೆ. "ದಿನಾ ಕೈಮುಗಿದು ತಾನೆ ಕಾಲಿಡೋದು?"

ಅಂದಿನಿಂದ ಸಿಮಲ್‌ಗಾಂವ್ ಖಷ್ಟಿಯ ಮನೆಯ ಮೇಲೆ ಕಣ್ಣಿಟ್ಟು ಕೂತಿದೆ. ಅವರಿಗೆ ಕಾಲುಳುಕಿತೇ, ಮೇಕೆ ಮೇವು ಬಿಟ್ಟಿತೇ, ಡಾಬಾದಿಂದ ಕೆಟ್ಟ ಸುದ್ದಿ ಬಂತೇ? ನೌಲಾದ ಬಳಿ ಒಬ್ಬಳು ನನ್ನೆದುರೇ ಕೇಳಿದಳು, "ಬೋಜಿ, ನಿಮ್ಮ ಮೇಕೆ ಕುಂಟ್ತಿದೆಯಂತೆ?" ಖಷ್ಟಿ ಕೊಡ ತುಂಬುತ್ತಲೇ ಉತ್ತರ ಕೊಟ್ಟರು. "ಅದು ಹುಟ್ಟಿದಾಗಿಂದ ಕುಂಟು ಕಣೇ. ನಾನು ಪೊರಕೆ ಹಿಡೀತೀನಿ ಅಂತ ತಾಯಿಗೆ ಅಷ್ಟು ವರ್ಷದ ಹಿಂದೇನೇ ಗೊತ್ತಿತ್ತಾ?" ಅಲ್ಲಿದ್ದವರೆಲ್ಲ ನಕ್ಕರು, ಆದರೆ ಮರುದಿನ ಬೆಳಿಗ್ಗೆ ಯಾರೂ ಗುಡಿಸಲು ಬರಲಿಲ್ಲ.

ಇದರ ನಡುವೆ ಒಂದು ಗುಟ್ಟಿದೆ. ಖಷ್ಟಿಗೆ ಕೆಮ್ಮು. ಪಿರೂಲಿನ ಧೂಳು ಗಂಟಲಿಗೆ ಇಳಿದು ಎದೆ ಕಟ್ಟಿದೆ. ಕಾಡಿನಲ್ಲಿ ಒಬ್ಬರೇ ಇರುವಾಗ ಮರ ಹಿಡಿದು ಕೆಮ್ಮುತ್ತಾರೆ, ಊರಿಗೆ ಇಳಿಯುವ ಮೊದಲು ಬಾಯಿಗೆ ಲವಂಗ ಹಾಕಿಕೊಂಡು ಗಂಟಲು ಬಿಗಿಹಿಡಿಯುತ್ತಾರೆ. ಯಾರಾದರೂ ಕೇಳಿಸಿಕೊಂಡರೆ ಅದು ದೇವಿ ಕೊಟ್ಟ ಕೆಮ್ಮಾಗುತ್ತದೆ, ಆಮೇಲೆ ಒಂದು ಪೊರಕೆಯೂ ಮನೆಯಿಂದ ಹೊರಬರುವುದಿಲ್ಲ. ಕೆಮ್ಮಿನ ವಿಷಯ ಬರೆಯಲೇ ಎಂದು ಕೇಳಿದೆ. "ನಿಮ್ಮ ಭಾಷೆ ಇಲ್ಲಿ ಯಾವ ಮಗಂಗೂ ಬರಲ್ಲ. ಬರ್ಕೊಳ್ಳಿ."

ಖಷ್ಟಿಯ ಮನೆಗೂ ಅವರ ವಾರಗಿತ್ತಿ ಗೋಪುಲಿಯ ಮನೆಗೂ ನಡುವೆ ಒಂದೇ ಗೋಡೆ, ಮುಂದೆ ಒಂದೇ ಅಂಗಳ. ಗೋಪುಲಿ ಮದನ್ ಸಿಂಗರ ಅಣ್ಣನ ಹೆಂಡತಿ. ಬಾಯಿ ಜೋರು. ನನ್ನನ್ನು ಕಂಡರೆ ಸಾಕು, "ಬಂದ್ರಾ? ನಮ್ಮ ಖಷ್ಟಿ ಸಾಹೇಬರ ಫೋಟೋ ಪೇಪರಲ್ಲಿ ಹಾಕಿಸ್ತೀರಂತೆ. ಪೊರಕೆ ಜೊತೆ ತೆಗೀರಿ, ಮುಖಕ್ಕಿಂತ ಅದೇ ಚೆನ್ನಾಗಿದೆ" ಎಂದು ಕುಟುಕುತ್ತಾರೆ. ಕಾಡಿಗೆ ಹೋಗಲು ಒಪ್ಪದವರಲ್ಲಿ ಅವರೇ ಮುಂದು. ಖಷ್ಟಿ ಕರೆದಾಗ ಅವರು ಬಾಗಿಲು ಹಾಕಿಕೊಂಡರಂತೆ.

ಒಂದು ಮಧ್ಯಾಹ್ನ ಖಷ್ಟಿ ಕಚೇರಿಗೆ ಹೋಗಿದ್ದಾಗ ಗೋಪುಲಿ ನನ್ನನ್ನು ಒಳಗೆ ಕರೆದು ರಾಗಿ ರೊಟ್ಟಿ, ಹುರುಳಿ ಸಾರು ಇಟ್ಟರು. ಒಳಕೋಣೆಯಲ್ಲಿ ಅವರ ಸೊಸೆ ಮಲಗಿದ್ದಳು. ಬಸುರಿ. ಹಿಂದೆ ಎರಡು ಸಲ ಗರ್ಭ ನಿಂತೂ ಇಳಿದುಹೋಗಿದೆ. ಈ ಸಲ ನೆಲ ಮುಟ್ಟದ ಹಾಗೆ ನೋಡಿಕೊಳ್ಳುತ್ತಿದ್ದಾರೆ.

"ಖಷ್ಟಿ ರಾತ್ರಿಯೆಲ್ಲ ದಿಂಬಿಗೆ ಬಾಯಿಟ್ಟು ಕೆಮ್ತಾಳೆ. ಗೋಡೆ ಈಚೆ ನಂಗೆ ಕೇಳ್ಸಲ್ವಾ?" ಗೋಪುಲಿ ದನಿ ತಗ್ಗಿಸಿದರು. "ಯಾರಿಗೂ ಹೇಳಿಲ್ಲ. ಹೇಳಿದ್ರೆ ಅವಳು ಇಷ್ಟು ದಿನ ಗುಡಿಸಿದ್ದೆಲ್ಲ ಮಣ್ಣಾಗುತ್ತೆ. ಆದ್ರೆ ನಾನು ಹೋಗಲ್ಲ ಮಾಸ್ಟರ್ನೀಜ್ಯೂ. ನಂಗೇನಾದ್ರೂ ಆದ್ರೆ ಆಗ್ಲಿ ಅಂದ್ಕೋಬಹುದು. ತಾಯಿ ಮುನಿದು ಆ ಹೊಟ್ಟೇಲಿರೋದ್ರ ಮೇಲೆ ತೀರಿಸ್ಕೊಂಡ್ರೆ? ಮೂರನೇ ಸಲ ನಾನು ಆ ಹುಡುಗಿ ಮುಖ ಹೆಂಗೆ ನೋಡ್ಲಿ?"

ಖಷ್ಟಿಯ ಬಗ್ಗೆ ಬರೆಯಲು ಹೊರಟವಳು ಅವತ್ತು ಗೋಪುಲಿಯ ಬಗ್ಗೆಯೇ ಯೋಚಿಸುತ್ತಾ ಬೆಟ್ಟ ಇಳಿದೆ.

ಇಷ್ಟು ಬರೆದು ಇಟ್ಟಿದ್ದೆ. ಖಷ್ಟಿಯ ಆಸೆ ಏನು ಎಂದು ಕೇಳಿ, ಅದನ್ನೊಂದು ಸಾಲು ಸೇರಿಸಿ ಪತ್ರಿಕೆಗೆ ಕಳಿಸಬೇಕಿತ್ತು. ಅಷ್ಟರಲ್ಲಿ ಬೆಂಕಿ ಬಿತ್ತು.

ವೈಶಾಖದ ಬಿಸಿಗಾಳಿಯ ಮಧ್ಯಾಹ್ನ. ಯಾರೋ ಹೊಲದಂಚಿನ ಕಸ ಸುಡಲು ಹಚ್ಚಿದ ಬೆಂಕಿ ಕೈಮೀರಿ ಚೀಡ್ ಇಳಿಜಾರಿಗೆ ನುಗ್ಗಿದೆ. ನಾನು ಪೇಟೆಯಿಂದ ಹೊಗೆ ಕಂಡು ಕಚೇರಿಗೆ ಓಡಿದೆ. ಕುಂದನ್ ವೈರ್‌ಲೆಸ್ಸಿನಲ್ಲಿ ಕೂಗುತ್ತಿದ್ದಾನೆ, ತಿವಾರಿ ಜೀಪು ತಳ್ಳಿಸುತ್ತಿದ್ದಾರೆ. ನಾವು ಸಿಮಲ್‌ಗಾಂವ್ ತಲುಪಿ ಏರು ಹತ್ತುವ ಹೊತ್ತಿಗೆ ಆಗಬೇಕಾದದ್ದೆಲ್ಲ ಬಹುಪಾಲು ಆಗಿಹೋಗಿತ್ತು. ಮುಂದಿನದು ಅಲ್ಲಿದ್ದವರು ಹೇಳಿದ್ದು.

ಉರಿ ಸದ್ದು ಮಾಡುತ್ತಾ ಮೇಲೆ ಬಂದು ಬೆಂಕಿರೇಖೆ ಮುಟ್ಟಿತು. ಗುಡಿಸಿದ ನೆಲದಲ್ಲಿ ಅದಕ್ಕೆ ತಿನ್ನಲು ಏನೂ ಇರಲಿಲ್ಲ. ಅಲ್ಲಲ್ಲಿ ನೆಲಕ್ಕೆ ಬಗ್ಗಿ, ಹೊಗೆಯಾಗಿ, ನಿಂತುಬಿಟ್ಟಿತು. ಆದರೆ ಮೂಡಣದ ಕೊನೆಯ ತುಂಡನ್ನು ಗುಡಿಸುವುದು ಬಾಕಿಯಿತ್ತು. ಅಲ್ಲಿ ಎರಡು ವರ್ಷದ ಪಿರೂಲ್ ಹಾಗೆಯೇ ಇತ್ತು. ಬೆಂಕಿ ಅತ್ತ ತಿರುಗಿತು. ಊರ ಹೆಂಗಸರು ಎಂದಿನಂತೆ ಹಸಿರು ಕೊಂಬೆ ಹಿಡಿದು ಓಡಿ ಬಂದಿದ್ದರು. ಬಂದವರು ಕೆಂಪು ಬಟ್ಟೆ ಕಟ್ಟಿದ ಮರಗಳ ಈಚೆ ಸಾಲಾಗಿ ನಿಂತರು, ಒಬ್ಬರೂ ದಾಟಲಿಲ್ಲ. ಕಣ್ಣೆದುರಿಗೆ ಬಾಂಜ್ ಕಾಡು. ಕೆಲವರು ಅಳುತ್ತಿದ್ದರು, ಕೆಲವರು ತಾಯಿಯನ್ನು ಕೂಗುತ್ತಿದ್ದರು. ಖಷ್ಟಿ ಅವರ ಕಡೆ ಒಂದು ಸಲ ನೋಡಿದರು. ಬನ್ನಿ ಎಂದು ಕರೆಯಲಿಲ್ಲ. ಕೊಂಬೆ ಎತ್ತಿಕೊಂಡು ಆ ಕೊನೆಯ ತುಂಡಿನ ಕಡೆ ಒಬ್ಬರೇ ಹೊರಟರು.

"ಅವಳ ಬೆನ್ನು ನೋಡಿದೆ" ಎಂದರು ಗೋಪುಲಿ, ಸಂಜೆ ನಾನು ಕೇಳಿದಾಗ. ಮುಖವೆಲ್ಲ ಮಸಿ, ಹುಬ್ಬಿನ ಕೂದಲು ಸುಟ್ಟಿತ್ತು. "ಬೆಂಕಿಗೆ ಎದುರಾಗಿ ಒಂದು ಹೆಂಗಸು ಹೋಗ್ತಿದೆ, ಕೆಮ್ಕೊಂಡು ಹೋಗ್ತಿದೆ. ನನ್ನ ವಾರಗಿತ್ತಿ. ಏನೂ ಯೋಚ್ನೆ ಮಾಡ್ಲಿಲ್ಲ. ಚಪ್ಪಲಿ ಎಲ್ಲಿ ಬಿಟ್ನೋ ಅದೂ ನೆನಪಿಲ್ಲ."

ಗೋಪುಲಿ ದಾಟಿದ ಮೇಲೆ ಉಳಿದವರೂ ದಾಟಿದರು. ಕೊಂಬೆಯಿಂದ ಬಡಿದರು, ಪಿರೂಲನ್ನು ಕಾಲಿನಿಂದ ಸರಿಸಿದರು, ಬರಿಗೈಯಲ್ಲಿ ಬಾಚಿದರು. ಅಂಚಿನ ಕೆಲವು ಬಾಂಜ್ ಮರ ಸುಟ್ಟವು, ಕಾಡು ಉಳಿಯಿತು. ನಾವು ಮೇಲೆ ತಲುಪಿದಾಗ ಎಲ್ಲರೂ ಬರಿಗಾಲಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತು ಕೊಡದಿಂದ ನೀರು ಹಂಚಿಕೊಳ್ಳುತ್ತಿದ್ದರು. ತಿವಾರಿ ಟೋಪಿ ತೆಗೆದು ನಿಂತರು. ಹಯಾತ್ ಸಿಂಗ್ ಯಾರ ಮುಖವನ್ನೂ ನೋಡಲಿಲ್ಲ.

ಗೋಪುಲಿಯ ಸೊಸೆಗೆ ಇನ್ನೂ ತಿಂಗಳು ತುಂಬಿಲ್ಲ. ಈ ಸಾಲು ಬರೆಯುವಾಗಲೂ ಆ ಮನೆಯಲ್ಲಿ ದಿನಾ ಸಂಜೆ ದೀಪ ಹಚ್ಚಿ ಭಗವತಿಯ ಹೆಸರು ಹೇಳುತ್ತಾರೆ, ದೀಪದ ಮುಂದೆ ಖಷ್ಟಿಯೂ ಕೂರುತ್ತಾರೆ. ಹೆದರಿಕೆ ಹೋಗಿಲ್ಲ. ಹೋದಂತೆ ನಟಿಸುವವರೂ ಅಲ್ಲಿ ಇಲ್ಲ.

ನಿಮ್ಮ ಆಸೆ ಏನು ಎಂದು ಕೇಳುವುದನ್ನು ನಾನು ಬಿಟ್ಟೆ. ಅವತ್ತು ಹಿಂದಿನಿಂದ ಜನ ಬಂದಾಗ ಏನನ್ನಿಸಿತು ಎಂದಷ್ಟೇ ಕೇಳಿದೆ. ಖಷ್ಟಿ ಬೊಬ್ಬೆ ಎದ್ದ ಅಂಗೈಗೆ ಬೆಣ್ಣೆ ಸವರಿಕೊಳ್ಳುತ್ತಿದ್ದರು.

"ಜನ ಬಂದಿದ್ದು ಆಮೇಲೆ. ಮೊದಲು ಒಂದೇ ಹೆಜ್ಜೆ ಸದ್ದು ಕೇಳಿಸ್ತು. ಮೂವತ್ತು ವರ್ಷ ಒಂದೇ ಅಂಗಳದಲ್ಲಿ ಓಡಾಡಿದ್ದೀವಿ, ಅದು ಯಾರ ಹೆಜ್ಜೆ ಅಂತ ನಂಗೆ ಗೊತ್ತಾಗಲ್ವಾ? ಅವಳು ಮನೇಲಿ ಏನು ಬಿಟ್ಟು ಬರ್ತಿದ್ದಾಳೆ ಅಂತನೂ ಗೊತ್ತಿತ್ತು. ತಿರುಗಿ ನೋಡ್ಲಿಲ್ಲ ನಾನು. ನೋಡಿದ್ರೆ ಅತ್ತುಬಿಡ್ತಿದ್ದೆ ಮಾಸ್ಟರ್ನೀಜ್ಯೂ. ಬೆಂಕಿ ಮುಂದೆ ನಿಂತ್ಕೊಂಡು ಅಳೋಕೆ ಪುರುಸೊತ್ತೆಲ್ಲಿ?"